ಶಾಲೆಯಲ್ಲಿ ಧರ್ಮಬೋಧನೆಯೂ ಗ್ರಂಥನಿಷೇಧವೂ

ಪ್ರತಿ ವರ್ಷವೂ ಶಾಲೆಯ ಬಾಗಿಲು ತೆರೆದ ಮೊದಲನೆಯ ವಾರದಲ್ಲಿ ನಮ್ಮಲ್ಲಿಗೆ ಬರತಕ್ಕ ಹಿರಿಯರು ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುವರು. "ಅಮ್ಮನವರೇ, ನಮ್ಮ ಹುಡುಗಿ ಸತ್ಯವೇದದ ಪಾಠಕ್ಕೆ ಕುಳಿತುಕೊಳ್ಳಲೇಬೇಕೋ?" ಎಂಬುದು ಒಂದು. "ಮಿಷನ್ ಶಾಲೆಯ ಪುಸ್ತಕಭಂಡಾರದಲ್ಲಿ ದಾಸರ ಪದಗಳಿಗೇನು ಕೆಲಸ?" ಎಂಬುದು ಮತ್ತೊಂದು. ಮೊದಲನೆಯದನ್ನು ಅನ್ಯಮತದ ಪೋಷಕರೂ, ಎರಡನೆಯದನ್ನು ನಮ್ಮ ಸಭೆಯ ಹಿರಿಯರಲ್ಲಿ ಕೆಲವರೂ ಕೇಳುವರು. ನಮಗೆ ತೋರುವಂತೆ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳು. ಮಗುವಿನ ಕೈಯಲ್ಲಿ ಒಂದು ಗ್ರಂಥವನ್ನು ಬಲಾತ್ಕಾರದಿಂದ ಇಡುವುದಕ್ಕೂ, ಅದರ ಕೈಯಿಂದ ಇನ್ನೊಂದನ್ನು ಕಿತ್ತುಕೊಳ್ಳುವುದಕ್ಕೂ ಶಾಲೆಗೆ ಎಷ್ಟರಮಟ್ಟಿನ ಅಧಿಕಾರವುಂಟು? ಈ ವಿಷಯದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳವರು ಬಹುಕಾಲ ಪಟ್ಟ ಪಾಡು ನಮಗೂ ಪಾಠವಾಗತಕ್ಕದ್ದು. ಏಕೆಂದರೆ ಅಲ್ಲಿ ವಾದಕ್ಕೆ ಸಿಕ್ಕಿದ ಗ್ರಂಥವು ನಾವು ಪ್ರಾತಃಪ್ರಾರ್ಥನೆಯಲ್ಲಿ ಓದತಕ್ಕ ಸತ್ಯವೇದವೇ.

ಆ ದೇಶದಲ್ಲಿ ಸಾರ್ವಜನಿಕ ಪಾಠಶಾಲೆಗಳು ಹರಡಿದ ಕಾಲದಲ್ಲಿ, ಸತ್ಯವೇದವನ್ನು ವ್ಯಾಖ್ಯಾನವಿಲ್ಲದೆ ಓದಿಸಿದರೆ ಯಾರಿಗೂ ನೋವಾಗದೆಂದು ಪ್ರಾಟೆಸ್ಟೆಂಟರು ಪ್ರಾಮಾಣಿಕವಾಗಿಯೇ ನಂಬಿದ್ದರು. ಆದರೆ ಓದಿಸುತ್ತಿದ್ದುದು 1611ರಲ್ಲಿ ಜೇಮ್ಸ್ ರಾಜನ ಆಳ್ವಿಕೆಯಲ್ಲಿ ಪ್ರಕಟವಾದ ಭಾಷಾಂತರ. ಕಥೋಲಿಕರಿಗಾದರೋ ತಮ್ಮ ಸಭೆ ಒಪ್ಪಿದ ಬೇರೆ ಭಾಷಾಂತರವಿದ್ದಿತು. 1842ರಲ್ಲಿ ಫಿಲಡೆಲ್ಫಿಯಾ ನಗರದ ಬಿಷಪ್ ಕೆನ್ರಿಕ್ ಎಂಬವರು, ತಮ್ಮ ಮಕ್ಕಳಿಗೆ ತಮ್ಮ ಭಾಷಾಂತರವನ್ನು ಓದಲು ಅನುಮತಿ ಬೇಕೆಂದು ಶಾಲಾಧಿಕಾರಿಗಳಿಗೆ ಬರೆದರು. ಕಥೋಲಿಕರು ಸತ್ಯವೇದವನ್ನೇ ಶಾಲೆಯಿಂದ ಹೊರಹಾಕಲು ಹವಣಿಸುತ್ತಾರೆಂದು ಸುದ್ದಿ ಹಬ್ಬಿತು. 1844ನೆಯ ಮೇ ಮತ್ತು ಜುಲೈ ತಿಂಗಳುಗಳಲ್ಲಿ ಗಲಭೆಗಳೆದ್ದು ಇಪ್ಪತ್ತಕ್ಕೆ ಕಡಮೆಯಿಲ್ಲದಷ್ಟು ಜನ ಸತ್ತರು. ಎರಡು ಕಥೋಲಿಕ ದೇವಾಲಯಗಳು ಸುಟ್ಟುಹೋದುವು. ಅವುಗಳಲ್ಲಿ ಸಂತ ಅಗಸ್ಟೀನರ ದೇವಾಲಯದೊಡನೆ ಅಲ್ಲಿಯ ಸಂನ್ಯಾಸಿಗಳ ಗ್ರಂಥಭಂಡಾರವೂ ಬೆಂಕಿಗೆ ಆಹುತಿಯಾಯಿತು. ಒಂದು ಗ್ರಂಥದ ಗೌರವವನ್ನು ಕಾಯಲು ಹೊರಟವರು ಗ್ರಂಥಭಂಡಾರವನ್ನೇ ಸುಟ್ಟರು!

1859ರಲ್ಲಿ ಬಾಸ್ಟನ್ ನಗರದ ಒಂದು ಸರಕಾರಿ ಶಾಲೆಯಲ್ಲಿ ಥಾಮಸ್ ವಾಲ್ ಎಂಬ ಕಥೋಲಿಕ ಬಾಲಕನು ದಶಾಜ್ಞೆಗಳನ್ನು ಪ್ರಾಟೆಸ್ಟೆಂಟರ ಪಾಠದಂತೆ ಹೇಳಲೊಲ್ಲೆನೆಂದುದಕ್ಕೆ ಉಪಾಧ್ಯಾಯನು ಅವನ ಕೈಗಳ ಮೇಲೆ ಬೆತ್ತದಿಂದ ಹೊಡೆದನು. ವ್ಯಾಜ್ಯ ನ್ಯಾಯಸ್ಥಾನಕ್ಕೆ ಹೋಗಿ, ಉಪಾಧ್ಯಾಯನು ನಿರಪರಾಧಿಯೆಂದು ತೀರ್ಪಾಯಿತು. ದೇವರ ಆಜ್ಞೆಗಳನ್ನು ಬೆತ್ತದಿಂದ ಹೇಳಿಸಿದರೆ ಆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಆಜ್ಞೆಯೋ, ಬೆತ್ತವೋ? ಉಪಾಧ್ಯಾಯಿನಿಯರಾದ ನಾವು ಇದನ್ನು ಆಲೋಚಿಸತಕ್ಕದ್ದು.

ಫಿಲಡೆಲ್ಫಿಯಾ ಸೇರಿದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿಯೇ 1949ರ ಒಂದು ಕಾನೂನು, ಪ್ರತಿದಿನ ಶಾಲೆಯ ಆರಂಭದಲ್ಲಿ ಸತ್ಯವೇದದ ಹತ್ತು ವಚನಗಳನ್ನಾದರೂ ಓದಬೇಕೆಂದು ವಿಧಿಸಿದ್ದಿತು. 1956ರಲ್ಲಿ ಅಬಿಂಗ್ಟನ್ ಪ್ರೌಢಶಾಲೆಯ ಎಲರಿ ಶೆಂಪ್ ಎಂಬ ವಿದ್ಯಾರ್ಥಿಯು ಆ ಹೊತ್ತಿನಲ್ಲಿ ಕೊರಾನನ್ನು ತೆರೆದು ಮೌನವಾಗಿ ಓದುತ್ತ ಕುಳಿತನು. ಅಲ್ಲಿಂದ ಮೊದಲಾದ ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಹೋಗಿ, 1963ನೆಯ ಜೂನ್ 17ರಂದು ಒಬ್ಬರ ವಿರುದ್ಧ ಎಂಟು ಮಂದಿ ನ್ಯಾಯಾಧೀಶರ ಅಭಿಪ್ರಾಯದಂತೆ ತೀರ್ಮಾನವಾಯಿತು. ಸರಕಾರಿ ಶಾಲೆಯು ಉಪಾಸನಾರೂಪವಾದ ಪಠನವನ್ನು ನಡಿಸಕೂಡದೆಂದು ತೀರ್ಪು ಹೇಳಿತು. ದೇವರನ್ನೇ ಶಾಲೆಯಿಂದ ಓಡಿಸಿದರೆಂದು ಅನೇಕ ಭಕ್ತರು ಮರುಗಿದರು. ಆದರೆ ಅದೇ ತೀರ್ಪು, ಸತ್ಯವೇದವನ್ನು ಸಾಹಿತ್ಯವೆಂದೂ ಚರಿತ್ರೆಯೆಂದೂ ಪಕ್ಷಪಾತವಿಲ್ಲದೆ ಅಭ್ಯಾಸಮಾಡಲು ಅಡ್ಡಿಯಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಹೊರಗೆ ಹೋದದ್ದು ಬಲಾತ್ಕಾರವೇ ಹೊರತು ಗ್ರಂಥವಲ್ಲ.

ಇನ್ನು ನಿಷೇಧದ ಕಥೆ. 1976ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಐಲೆಂಡ್ ಟ್ರೀಸ್ ಎಂಬಲ್ಲಿಯ ಶಾಲಾಮಂಡಲಿಯವರು, ದೇಶಕ್ಕೂ ಕ್ರೈಸ್ತಧರ್ಮಕ್ಕೂ ಯೆಹೂದ್ಯರಿಗೂ ವಿರೋಧವಾದವು, ಅಸಭ್ಯವಾದವು ಎಂದು ಹೇಳಿ ಕೆಲವು ಪುಸ್ತಕಗಳನ್ನು ಶಾಲೆಯ ಪುಸ್ತಕಭಂಡಾರದಿಂದ ತೆಗೆಸಿದರು. ತಾವೇ ನೇಮಿಸಿದ ಪರಿಶೀಲನಾ ಸಮಿತಿಯು ಐದನ್ನು ಉಳಿಸಬಹುದೆಂದರೂ ಮಂಡಲಿಯು ಕಿವಿಗೊಡದೆ ಒಂಬತ್ತನ್ನು ತೆಗೆದುಹಾಕಿತು. ಸ್ಟೀವನ್ ಪಿಕೊ ಮೊದಲಾದ ವಿದ್ಯಾರ್ಥಿಗಳು ದಾವಾ ಹೂಡಿದರು. 1982ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರಲ್ಲಿ ಐವರು ವಿದ್ಯಾರ್ಥಿಗಳ ಕಡೆಗೆ ನಿಂತರು. ಆದರೆ ಕಾರಣಗಳಲ್ಲಿ ಆ ಐವರಿಗೂ ಏಕಮತವಿರಲಿಲ್ಲ. ಪ್ರಧಾನ ಅಭಿಪ್ರಾಯವನ್ನು ಬರೆದ ನ್ಯಾಯಮೂರ್ತಿ ಬ್ರೆನ್ನನ್ ಅವರ ಮಾತಿನ ತಾತ್ಪರ್ಯವೇನೆಂದರೆ: ಪಠ್ಯಕ್ರಮವನ್ನು ಗೊತ್ತುಮಾಡುವ ಅಧಿಕಾರ ಮಂಡಲಿಗೆ ವಿಶೇಷವಾಗಿ ಉಂಟು, ಆದರೆ ಅದರಲ್ಲಿಯ ವಿಚಾರಗಳು ತಮಗೆ ರುಚಿಸಲಿಲ್ಲವೆಂಬ ಕಾರಣದಿಂದಲೇ ಪುಸ್ತಕಭಂಡಾರದ ಪುಸ್ತಕವನ್ನು ತೆಗೆಯಕೂಡದು.

2022ರಲ್ಲಿ ಯೂಟಾ ಸಂಸ್ಥಾನವು ಶಾಲೆಗಳಲ್ಲಿಯ ಅಶ್ಲೀಲ ಪುಸ್ತಕಗಳನ್ನು ತೆಗೆಸುವುದಕ್ಕೆ ಒಂದು ಕಾನೂನು ಮಾಡಿತು. ಆಗ ಡೇವಿಸ್ ಜಿಲ್ಲೆಯ ಒಬ್ಬ ಪೋಷಕರು, ಈ ಅಳತೆಯಿಂದ ಅಳೆದರೆ ಸತ್ಯವೇದವೂ ಉಳಿಯಲಾರದೆಂದು ದೂರು ಕೊಟ್ಟರು. ಸಮಿತಿಯವರು ಅದನ್ನು ಚಿಕ್ಕ ಮಕ್ಕಳ ಶಾಲೆಗಳಿಂದಲೂ ಮಾಧ್ಯಮಿಕ ಶಾಲೆಗಳಿಂದಲೂ ತೆಗೆದೇಬಿಟ್ಟರು! ದೊಡ್ಡ ಕೋಲಾಹಲವೆದ್ದು, 2023ನೆಯ ಜೂನ್ ತಿಂಗಳಲ್ಲಿ ಆಡಳಿತ ಮಂಡಲಿಯು ಆ ತೀರ್ಮಾನವನ್ನು ರದ್ದುಮಾಡಿ ಗ್ರಂಥವನ್ನು ಮರಳಿ ಇರಿಸಿತು. ಪರರ ಪುಸ್ತಕಕ್ಕೆಂದು ಮಾಡಿಸಿದ ಬೀಗವು ಒಂದು ದಿನ ನಮ್ಮ ಪುಸ್ತಕಕ್ಕೂ ಬೀಳುವುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ನಮ್ಮ ದೇಶದಲ್ಲಿ 1854ನೆಯ ಚಾರ್ಲ್ಸ್ ವುಡ್ಡರ ವಿದ್ಯಾವಿಷಯಕ ಪತ್ರವು, ಸರಕಾರಿ ಶಾಲೆಗಳಲ್ಲಿ ಧರ್ಮಬೋಧನೆ ಇರಬಾರದೆಂದೂ, ಅವುಗಳ ಪುಸ್ತಕಭಂಡಾರದಲ್ಲಿರುವ ಸತ್ಯವೇದವನ್ನು ಇಚ್ಛೆಯುಳ್ಳ ವಿದ್ಯಾರ್ಥಿಗಳು ಓದಬಹುದೆಂದೂ ತಿಳಿಸಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೆಯ ಅನುಚ್ಛೇದದ ಪ್ರಕಾರ, ಸರಕಾರದ ಮನ್ನಣೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗಾಗಲಿ ಉಪಾಸನೆಗಾಗಲಿ ಕೂರಿಸಕೂಡದು. ಆದುದರಿಂದ ಮೊದಲನೆಯ ಪ್ರಶ್ನೆಗೆ ನಮ್ಮ ಉತ್ತರವು ಸರಳವಾಗಿದೆ: ತಾವು ಒಪ್ಪಿದರೆ ಕುಳಿತುಕೊಳ್ಳಲಿ, ಒಪ್ಪದಿದ್ದರೆ ಆ ವೇಳೆಯಲ್ಲಿ ನೀತಿಪಾಠಕ್ಕೆ ಹೋಗಲಿ, ಯಾರೂ ಅವಳನ್ನು ಕಡೆಗಣ್ಣಿನಿಂದ ನೋಡುವುದಿಲ್ಲ.

ಎರಡನೆಯದಕ್ಕೆ ಉತ್ತರ ಕೊಡುವ ಮುಂಚೆ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳತಕ್ಕದ್ದಿದೆ. ನಾವು ಮುಖ್ಯೋಪಾಧ್ಯಾಯಿನಿಯಾದ ಹೊಸದರಲ್ಲಿ, ಹಿರಿಯರೊಬ್ಬರ ಮಾತು ಕೇಳಿ ದಾಸರ ಪದಗಳ ಸಂಗ್ರಹವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಕೆಲವು ದಿನಗಳ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು, "ಟೀಚರ್, ಆ ಪುಸ್ತಕದಲ್ಲಿ ಏನು ತಪ್ಪಿದೆ?" ಎಂದು ಕೇಳಿದಳು. ನಮ್ಮಿಂದ ಉತ್ತರ ಬರಲಿಲ್ಲ. ಏಕೆಂದರೆ ನಾವು ಅದನ್ನು ಓದಿಯೇ ಇರಲಿಲ್ಲ. ಆ ರಾತ್ರಿ ಓದಲು ಕುಳಿತೆವು. ವಾರದೊಳಗೆ ಪುಸ್ತಕವು ತನ್ನ ಸ್ಥಾನಕ್ಕೆ ಮರಳಿತು. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಪಾದ್ರಿಗಳೇ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚುಹಾಕಿಸಿದ್ದರೆಂದೂ, ಜೈನನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟೆಲ್ ಪಾದ್ರಿಗಳು 1872ರಲ್ಲಿ ಪ್ರಕಟಿಸಿದರೆಂದೂ ತಿಳಿದಾಗ ನಮಗೆ ಮತ್ತಷ್ಟು ನಾಚಿಕೆಯಾಯಿತು. ಸುವಾರ್ತೆಯನ್ನು ಸಾರಲು ಬಂದವರೇ ಹೆದರದ ಪುಸ್ತಕಕ್ಕೆ ನಾವು ಹೆದರಿದ್ದೆವು!

ಎಲ್ಲ ಪುಸ್ತಕಗಳೂ ಎಲ್ಲ ವಯಸ್ಸಿನವರಿಗೂ ತಕ್ಕವೆಂದು ನಾವು ಹೇಳುವುದಿಲ್ಲ. ಆರಿಸುವುದು ಶಾಲೆಯ ಧರ್ಮವೇ ಸರಿ. ಆದರೆ ಆರಿಸುವವರು ಮೊದಲು ಓದಬೇಕು, ಬೇಡವೆನ್ನುವವರೂ ಓದಬೇಕು, ಕಾರಣವನ್ನು ಮಗುವಿನ ಎದುರಿಗೆ ಹೇಳಬಲ್ಲವರಾಗಬೇಕು. ಪ್ರಿಯ ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಪುಸ್ತಕಭಂಡಾರದ ಯಾವ ಪುಸ್ತಕದ ಮೇಲಾದರೂ ತಮಗೆ ಆಕ್ಷೇಪಣೆಯಿದ್ದರೆ ಅವಶ್ಯವಾಗಿ ಬನ್ನಿರಿ. ಪುಸ್ತಕವನ್ನು ತಮ್ಮ ಕೈಗೆ ಕೊಡುವೆವು. ಪೂರ್ತಿಯಾಗಿ ಓದಿಕೊಂಡು ಬಂದ ಮೇಲೆ ಕುಳಿತು ಮಾತನಾಡೋಣ.