ಕಾಲೇಜಿನಾಚೆ ಅಂಗಳವಿರಲಿಲ್ಲ

1932ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿರುವ ಡೆಲ್ಟಾ ಸ್ಟೇಟ್ ಕಾಲೇಜು ತನ್ನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವನ್ನು ಮುಚ್ಚಿಬಿಟ್ಟಿತು. ಈ ಆಟದ ದಣಿವು ಹೆಣ್ಣುಮಕ್ಕಳ ಮೈ ತಾಳುವಂಥದ್ದಲ್ಲ ಎಂಬುದು ಕೊಟ್ಟ ಕಾರಣ. ಆಟಗಾರ್ತಿಯರು ಅತ್ತರು. ಆಟದ ಉಡುಪುಗಳನ್ನೆಲ್ಲ ಸುಟ್ಟುಹಾಕಿದರು. ಅವರಲ್ಲೊಬ್ಬರಾದ ಮಾರ್ಗರೆಟ್ ವೇಡ್ ಮುಂದೆ ಹೈಸ್ಕೂಲು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾ ಬದುಕು ಸವೆಸಿದರು. 41 ವರ್ಷ ಕಳೆದ ಮೇಲೆ ಅದೇ ಕಾಲೇಜು ಅರವತ್ತರ ವೇಡ್ ಅವರನ್ನು ಕರೆಸಿ, ಹುಡುಗಿಯರ ತಂಡವನ್ನು ಮತ್ತೆ ಕಟ್ಟಿಕೊಡಿ ಎಂದಿತು. ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು–ಗಂಡೆಂಬ ತಾರತಮ್ಯ ಸಲ್ಲದು ಎನ್ನುವ ‘ಟೈಟಲ್ ನೈನ್’ ಕಾಯ್ದೆ ಅಮೆರಿಕದಲ್ಲಿ ಜಾರಿಗೆ ಬಂದು ಆಗಿನ್ನೂ ಒಂದು ವರ್ಷವಾಗಿತ್ತು.

ವೇಡ್ ಕಟ್ಟಿದ ಆ ತಂಡಕ್ಕೆ ಬಂದ ಹುಡುಗಿಯೇ ಲೂಸಿಯಾ ಹ್ಯಾರಿಸ್. ಎತ್ತರ ಆರಡಿ ಮೂರು ಅಂಗುಲ.

ಲೂಸಿಯಾ ಹುಟ್ಟಿದ್ದು 1955ರ ಫೆಬ್ರುವರಿಯಲ್ಲಿ, ಮಿಸಿಸಿಪ್ಪಿಯ ಮಿಂಟರ್ ಸಿಟಿ ಎಂಬ ಹಳ್ಳಿಯಲ್ಲಿ. ಅಪ್ಪ–ಅಮ್ಮ ಪರರ ಹೊಲವನ್ನು ಕೋರಿಗೆ ಮಾಡುತ್ತಿದ್ದ ಕಪ್ಪು ಜನಾಂಗದ ರೈತರು. ಹನ್ನೊಂದು ಮಕ್ಕಳಲ್ಲಿ ಲೂಸಿಯಾ ಹತ್ತನೆಯವರು. ಮನೆಮಂದಿಯೆಲ್ಲ ಹತ್ತಿ ಬಿಡಿಸಬೇಕು, ಬಿಡುವಾದಾಗ ಅಂಗಳದಲ್ಲಿ ಅಣ್ಣಂದಿರ ಜೊತೆ ಬಾಸ್ಕೆಟ್‌ಬಾಲ್. ಆ ಸೀಮೆ ಎಂಥದ್ದೆಂದರೆ, ಅವರು ಹುಟ್ಟಿದ ಆರು ತಿಂಗಳಿಗೆ, ಅದೇ ಲೆಫ್ಲೋರ್ ಕೌಂಟಿಯ ಇನ್ನೊಂದು ಹಳ್ಳಿಗೆ ನೆಂಟರ ಮನೆಗೆಂದು ಬಂದಿದ್ದ 14 ವರ್ಷದ ಕಪ್ಪು ಬಾಲಕ ಎಮೆಟ್ ಟಿಲ್‌ನನ್ನು ಬಿಳಿಯರು ಹೊತ್ತೊಯ್ದು ಕೊಂದರು. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಡೆಲ್ಟಾ ಸ್ಟೇಟ್ ಕಾಲೇಜಿನ ಬಾಗಿಲು ಕಪ್ಪು ವಿದ್ಯಾರ್ಥಿಗಳಿಗೆ ತೆರೆದದ್ದೂ 1960ರ ದಶಕದ ಕೊನೆಗೆ. ಲೂಸಿಯಾ ಮೊದಲು ಹೊರಟಿದ್ದು ಕಪ್ಪು ಜನರಿಗಾಗಿಯೇ ಇದ್ದ ಆಲ್ಕಾರ್ನ್ ಕಾಲೇಜಿಗೆ. ಅಲ್ಲಿ ಹುಡುಗಿಯರಿಗೆ ತಂಡವಿರಲಿಲ್ಲ. ಹಾಗಾಗಿ ಅವರು ಡೆಲ್ಟಾ ಸ್ಟೇಟ್ ಸೇರಿ, ಬಿಳಿಯರೇ ತುಂಬಿದ್ದ ತಂಡದಲ್ಲಿ ಒಬ್ಬಳೇ ಕಪ್ಪು ಹುಡುಗಿಯಾಗಿ ಆಡಬೇಕಾಯಿತು.

ಆಮೇಲಿನ ನಾಲ್ಕು ವರ್ಷಗಳದ್ದು ಗೆಲುವಿನ ಕಥೆ. ಎರಡನೇ ವರ್ಷ ತಂಡ ಆಡಿದ 28 ಪಂದ್ಯಗಳನ್ನೂ ಗೆದ್ದಿತು. 1975ರ ರಾಷ್ಟ್ರಮಟ್ಟದ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ಎದುರಾದದ್ದು ಪೆನ್ಸಿಲ್ವೇನಿಯಾದ ಇಮ್ಯಾಕುಲಾಟಾ, ಅದಕ್ಕೆ ಹಿಂದಿನ ಮೂರೂ ವರ್ಷ ಪ್ರಶಸ್ತಿ ಬಿಟ್ಟುಕೊಡದಿದ್ದ ಕಾಲೇಜು. ಡೆಲ್ಟಾ ಸ್ಟೇಟ್ 90–81ರಿಂದ ಗೆದ್ದಿತು. 1976 ಮತ್ತು 1977ರಲ್ಲೂ ಪ್ರಶಸ್ತಿ ಅವರದೇ. ಲೂಸಿಯಾ ಇದ್ದ ನಾಲ್ಕು ವರ್ಷಗಳಲ್ಲಿ ತಂಡದ ಲೆಕ್ಕ 109 ಗೆಲುವು, 6 ಸೋಲು. ಆ ಪಟ್ಟಣದಲ್ಲಿ ಹುಡುಗರ ಪಂದ್ಯಕ್ಕಿಂತ ಹುಡುಗಿಯರ ಪಂದ್ಯಕ್ಕೇ ಜನ ಸೇರತೊಡಗಿದರು. 1977ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಲೂಸಿಯಾ ಒಂದೇ ಪಂದ್ಯದಲ್ಲಿ 47 ಅಂಕ ಗಳಿಸಿದರು.

ಈ ನಡುವೆ 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್ ಬಂತು. ಮಹಿಳಾ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಕಾಲಿಟ್ಟದ್ದು ಅಲ್ಲೇ. ಜಪಾನ್ ವಿರುದ್ಧದ ಪಂದ್ಯದಲ್ಲಿ ಮೊದಲ ಚೆಂಡನ್ನು ಬುಟ್ಟಿಗೆ ಹಾಕಿದವರು ಲೂಸಿಯಾ. ಒಲಿಂಪಿಕ್ಸ್ ಇತಿಹಾಸದಲ್ಲಿ ಮಹಿಳಾ ಬಾಸ್ಕೆಟ್‌ಬಾಲ್‌ನ ಮೊದಲ ಅಂಕಗಳು ಅವರ ಹೆಸರಿನಲ್ಲೇ ಇವೆ. ಪಂದ್ಯವನ್ನು ಮಾತ್ರ ಅಮೆರಿಕ ಸೋತಿತು. ಮುಂದೆ ಸೋವಿಯತ್ ತಂಡದ ದೈತ್ಯೆ ಉಲ್ಯಾನಾ ಸೆಮ್ಯೊನೊವಾ ಅವರನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ. ಚಿನ್ನ ಸೋವಿಯತ್ ಒಕ್ಕೂಟಕ್ಕೆ, ಬೆಳ್ಳಿ ಅಮೆರಿಕಕ್ಕೆ.

1977ರಲ್ಲಿ ಓದು ಮುಗಿಯಿತು. ಲೂಸಿಯಾಗೆ ಆಗ 22. ಇಡೀ ದೇಶದಲ್ಲಿ ಅವರಿಗೆ ಸರಿಗಟ್ಟುವ ಸೆಂಟರ್ ಇರಲಿಲ್ಲ. ಆದರೆ ಅವರು ಆಡಬಹುದಾದ ಒಂದು ಲೀಗೂ ಇರಲಿಲ್ಲ. ಅವರ ವಯಸ್ಸಿನ ಕಾಲೇಜು ಹುಡುಗರ ಮುಂದೆ ಎನ್‌ಬಿಎ ಎಂಬ ಪುರುಷರ ವೃತ್ತಿಪರ ಲೀಗ್ ಇತ್ತು, ಲಕ್ಷಗಟ್ಟಲೆ ಡಾಲರ್‌ಗಳ ಒಪ್ಪಂದಗಳಿದ್ದವು.

ಆ ಜೂನ್‌ನಲ್ಲಿ ನಡೆದದ್ದನ್ನು ಪತ್ರಿಕೆಗಳು ಇಂದಿಗೂ ದೊಡ್ಡ ಗೌರವವೆಂಬಂತೆ ಬರೆಯುತ್ತವೆ. ನ್ಯೂ ಆರ್ಲಿಯನ್ಸ್ ಜಾಝ್ ಎಂಬ ಪುರುಷರ ತಂಡ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಎನ್‌ಬಿಎ ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ, 137ನೆಯ ಆಯ್ಕೆಯಾಗಿ ಲೂಸಿಯಾ ಹೆಸರು ಕೂಗಿತು. 1969ರಲ್ಲೂ ಒಂದು ತಂಡ ಡೆನಿಸ್ ಲಾಂಗ್ ಎಂಬ ಹುಡುಗಿಯನ್ನು ಆರಿಸಿತ್ತು, ಆದರೆ ಎನ್‌ಬಿಎ ಆ ಆಯ್ಕೆಯನ್ನೇ ರದ್ದು ಮಾಡಿತ್ತು. ಹಾಗಾಗಿ ಅಧಿಕೃತವಾಗಿ ಎನ್‌ಬಿಎ ತಂಡವೊಂದು ಆರಿಸಿಕೊಂಡ ಮೊದಲ ಹೆಣ್ಣು ಲೂಸಿಯಾ. ಅವರು ಹೋಗಲಿಲ್ಲ. ಅದು ಪ್ರಚಾರಕ್ಕಾಗಿ ಮಾಡಿದ್ದೆಂದು ಅವರಿಗೆ ಅನಿಸಿತ್ತು. ಆಗಷ್ಟೇ ಮದುವೆಯಾಗಿ ಗರ್ಭಿಣಿಯೂ ಆಗಿದ್ದರು. ಆ ನಿರ್ಧಾರಕ್ಕೆ ಮರುಗಿದ್ದೇ ಇಲ್ಲವೆಂದು ಬದುಕಿನ ಕೊನೆಗಾಲದಲ್ಲೂ ಹೇಳಿದರು. ಎರಡು ವರ್ಷದ ನಂತರ ಅವರ ಒಲಿಂಪಿಕ್ಸ್ ಜೊತೆಗಾತಿ ಆ್ಯನ್ ಮೈಯರ್ಸ್ ಇಂಡಿಯಾನಾ ಪೇಸರ್ಸ್ ತಂಡದ ಪರೀಕ್ಷೆಗೆ ಹೋಗಿ, ಆಯ್ಕೆಯಾಗದೆ ಮರಳಿದರು. ದೇಶದ ಅತ್ಯುತ್ತಮ ಆಟಗಾರ್ತಿಗೆ ತೆರೆದಿದ್ದ ಒಂದೇ ಬಾಗಿಲು ಗಂಡಸರ ತಂಡದ್ದು ಎಂದಾದರೆ, ಅದನ್ನು ಗೌರವ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೇಕಿದ್ದದ್ದು ಅವರದೇ ಒಂದು ಲೀಗ್.

ಅಂಥದ್ದೊಂದು 1978ರಲ್ಲಿ ಶುರುವಾಯಿತು, ಮೂರೇ ವರ್ಷಕ್ಕೆ ಮುಳುಗಿತು. ಅದರಲ್ಲಿ ಲೂಸಿಯಾ ಹೂಸ್ಟನ್ ಏಂಜಲ್ಸ್ ಪರ ಒಂದೇ ಋತು ಆಡಿದರು. ಮಿಕ್ಕಂತೆ ಓದಿದ ಕಾಲೇಜಿನಲ್ಲೇ ಪ್ರವೇಶ ವಿಭಾಗದ ಕೆಲಸ ಮತ್ತು ಸಹಾಯಕ ಕೋಚ್ ಹುದ್ದೆ, ಆಮೇಲೆ ಹೈಸ್ಕೂಲಿನಲ್ಲಿ ಪಾಠ ಮತ್ತು ತರಬೇತಿ. ನಾಲ್ವರು ಮಕ್ಕಳನ್ನು ಬೆಳೆಸಿದರು. ಬೈಪೋಲಾರ್ ಎಂಬ ಮನೋವ್ಯಾಧಿಯೊಡನೆ ದೀರ್ಘಕಾಲ ಸೆಣಸಿದರು, ಅದನ್ನು ಮುಚ್ಚಿಡದೆ ಹೇಳಿಕೊಂಡರು. ಮಿಸಿಸಿಪ್ಪಿಯ ಸಣ್ಣ ಊರೊಂದರಲ್ಲಿ, ಅದೂ ಆ ಕಾಲದಲ್ಲಿ, ಹೀಗೆ ಹೇಳಿಕೊಳ್ಳಲು ಬೇಕಾದ ಧೈರ್ಯ ನನಗೆ ಅವರ 47 ಅಂಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

1992ರಲ್ಲಿ ನೈಸ್ಮಿತ್ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಆ ಮನ್ನಣೆ ಪಡೆದ ಮೊದಲ ಕಪ್ಪು ಮಹಿಳೆ ಅವರು. ವೇದಿಕೆಗೆ ಕರೆತಂದವರು ಎನ್‌ಬಿಎಯ ಹೆಸರಾಂತ ಆಟಗಾರ ಆಸ್ಕರ್ ರಾಬರ್ಟ್‌ಸನ್. ಹುಡುಗಿಯಾಗಿದ್ದಾಗ ಲೂಸಿಯಾ ಅಮ್ಮನಿಗೆ ಗೊತ್ತಾಗದಂತೆ ಹೊದಿಕೆಯ ಮರೆಯಲ್ಲಿ ತಡರಾತ್ರಿ ಟಿವಿ ನೋಡುತ್ತಿದ್ದದ್ದು ಅವರಂಥವರ ಆಟಕ್ಕಾಗಿಯೇ. ಆದರೂ ಅಮೆರಿಕದ ಬಹುಮಂದಿಗೆ ಲೂಸಿಯಾ ಹೆಸರು ತಿಳಿದದ್ದು 2021ರಲ್ಲಿ, ಬೆನ್ ಪ್ರೌಡ್‌ಫುಟ್ ತೆಗೆದ ‘ದಿ ಕ್ವೀನ್ ಆಫ್ ಬಾಸ್ಕೆಟ್‌ಬಾಲ್’ ಎಂಬ ಕಿರು ಸಾಕ್ಷ್ಯಚಿತ್ರದಿಂದ. ಚಿತ್ರದುದ್ದಕ್ಕೂ ಕ್ಯಾಮೆರಾ ಎದುರು ಕೂತು, ನಗುನಗುತ್ತಾ ತಮ್ಮ ಕಥೆ ಹೇಳುವವರು ಅವರೇ. 2022ರ ಜನವರಿ 18ರಂದು, 66ನೇ ವಯಸ್ಸಿನಲ್ಲಿ ಲೂಸಿಯಾ ತೀರಿಕೊಂಡರು. ಮಾರ್ಚ್‌ನಲ್ಲಿ ಆ ಚಿತ್ರಕ್ಕೆ ಆಸ್ಕರ್ ಬಂತು.

ಇನ್ನು ಅವರ ಅಂಕಗಳ ಮಾತು. ಕಾಲೇಜಿನಲ್ಲಿ ಒಟ್ಟು 2,981 ಅಂಕ, 1,662 ರಿಬೌಂಡ್. ಮಹಿಳಾ ಕಾಲೇಜು ಆಟಕ್ಕೆ ಮೂರಂಕದ ಗೆರೆ ಬಂದದ್ದೇ 1987ರಲ್ಲಿ. ಎಷ್ಟು ದೂರದಿಂದ ಹಾಕಿದರೂ ಎರಡೇ ಅಂಕ ಎನ್ನುವ ಕಾಲದ ಲೆಕ್ಕವಿದು. ಆಗ ಮಹಿಳಾ ಟೂರ್ನಿಗಳನ್ನು ನಡೆಸುತ್ತಿದ್ದದ್ದು ಎಐಎಡಬ್ಲ್ಯು ಎಂಬ ಸಂಸ್ಥೆ. ಗಂಡಸರ ಆಟ ನೋಡಿಕೊಳ್ಳುತ್ತಿದ್ದ ಎನ್‌ಸಿಎಎ ಮಹಿಳಾ ಬಾಸ್ಕೆಟ್‌ಬಾಲ್ ಟೂರ್ನಿ ಶುರುಮಾಡಿದ್ದು 1982ರಲ್ಲಿ. ಅದಕ್ಕೆ ಹಿಂದಿನ ಸಾಧನೆಗಳು ದಾಖಲೆಯ ಪಟ್ಟಿಯ ಹೊರಗೇ ಉಳಿದವು. 2024ರ ಫೆಬ್ರುವರಿಯಲ್ಲಿ ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ 3,527 ಅಂಕಗಳ ದಾಖಲೆ ಮುರಿದಾಗ ದೇಶವೆಲ್ಲ ಸಂಭ್ರಮಿಸಿತು. ಎಐಎಡಬ್ಲ್ಯು ಕಾಲದಲ್ಲಿ ಕ್ಯಾನ್ಸಸ್‌ನ ಲಿನೆಟ್ ವುಡರ್ಡ್ 3,649 ಅಂಕ ಗಳಿಸಿದ್ದರು, ಅದನ್ನು ದಾಟಿದಾಗಲೇ ನಿಜವಾದ ದಾಖಲೆ ಎಂದು ಹಲವು ಕೋಚ್‌ಗಳು ಬಹಿರಂಗವಾಗಿ ಹೇಳಿದರು. ಎರಡು ವಾರ ಕಳೆಯುವುದರೊಳಗೆ ಕ್ಲಾರ್ಕ್ ಅದನ್ನೂ ದಾಟಿದರು.

ಕ್ಲಾರ್ಕ್ ಕಾಲೇಜಿಗಾಗಿ ಕೊನೆಯ ಪಂದ್ಯ ಆಡಿದ್ದು 2024ರ ಏಪ್ರಿಲ್ 7ರಂದು. ಏಪ್ರಿಲ್ 15ಕ್ಕೆ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಯ ಡ್ರಾಫ್ಟ್‌ನಲ್ಲಿ ಇಂಡಿಯಾನಾ ಫೀವರ್ ಅವರನ್ನು ಮೊದಲನೆಯವರಾಗಿ ಆರಿಸಿಕೊಂಡಿತು. ಆ ಲೀಗ್‌ನ ಮೊದಲ ಪಂದ್ಯ ನಡೆದದ್ದು 1997ರ ಜೂನ್‌ನಲ್ಲಿ, ಲೂಸಿಯಾ ಕಾಲೇಜು ಬಿಟ್ಟ ಇಪ್ಪತ್ತು ವರ್ಷಕ್ಕೆ. ಅವರಿಗೆ ಆಗ 42.