‘ಫುಲ್ ಸ್ಟೀಮ್ ಅಹೆಡ್’ ಎಲ್ಲಿಂದ ಬಂತು?

ಪ್ರಶ್ನೆ: ‘ಫುಲ್ ಸ್ಟೀಮ್ ಅಹೆಡ್’ ಎಂಬ ಇಂಗ್ಲಿಷ್ ನುಡಿಗಟ್ಟಿನ ಅರ್ಥ ಮತ್ತು ಮೂಲವೇನು?
– ಓದುಗರೊಬ್ಬರು, ಚಾಂಪಿಯನ್ ರೀಫ್ಸ್

ಉತ್ತರ: ಕೈಗೊಂಡ ಕೆಲಸವನ್ನು ಹಿಂದೆಮುಂದೆ ನೋಡದೆ ಪೂರ್ಣ ಬಲದಿಂದ, ಪೂರ್ಣ ವೇಗದಿಂದ ಮುಂದುವರಿಸುವುದು ಎಂಬುದು ಇದರ ಅರ್ಥ. ನುಡಿಗಟ್ಟಿನ ಮೂಲವಿರುವುದು ಹತ್ತೊಂಬತ್ತನೆಯ ಶತಮಾನದ ಉಗಿಹಡಗುಗಳಲ್ಲಿ. ಹಡಗಿನ ಮೇಲ್ಭಾಗದಲ್ಲಿ ನಿಂತ ನಾಯಕನಿಗೆ ಎಂಜಿನ್ ಕೋಣೆ ಕಾಣುತ್ತಿರಲಿಲ್ಲ, ಎಂಜಿನ್ ನಡೆಸುವವರಿಗೆ ಸಮುದ್ರ ಕಾಣುತ್ತಿರಲಿಲ್ಲ. ಆದ್ದರಿಂದ ‘ಎಂಜಿನ್ ಟೆಲಿಗ್ರಾಫ್’ ಎಂಬ, ಗಡಿಯಾರದ ಮುಖದಂತಹ ಫಲಕವಿದ್ದ ಸಾಧನದ ಹಿಡಿಯನ್ನು ಆತ ತಿರುಗಿಸಿದೊಡನೆ ಕೆಳಗೆ ಗಂಟೆ ಬಾರಿಸಿ, ಅಲ್ಲಿನ ಮುಳ್ಳು ನಿಲ್ಲು, ನಿಧಾನ, ಅರ್ಧ, ಪೂರ್ಣ ಎಂಬ ಆಜ್ಞೆಗಳಲ್ಲೊಂದನ್ನು ತೋರಿಸುತ್ತಿತ್ತು. ಪೂರ್ಣ ಎಂದಾಗ ಬಾಯ್ಲರಿನ ಉಗಿಯನ್ನು ಸಿಲಿಂಡರಿಗೆ ಬಿಡುವ ಕವಾಟವನ್ನು ಪೂರ್ತಿ ತೆರೆಯಲಾಗುತ್ತಿತ್ತು.

ಪ್ರಶ್ನೆ ಬಂದಿರುವ ಚಾಂಪಿಯನ್ ರೀಫ್ಸ್ ಕೋಲಾರದ ಚಿನ್ನದ ಗಣಿ ಪ್ರದೇಶದ ಊರು; ಅದಕ್ಕೆ ಈ ವ್ಯವಸ್ಥೆ ಅಪರಿಚಿತವಲ್ಲ. ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಕೋಲಾರದ ಚಿನ್ನದ ಗಣಿಗಳು ಬೆಳೆದ ಮೊದಲ ವರ್ಷಗಳಲ್ಲಿ, ಶಾಫ್ಟ್ ಎಂಬ ಆಳವಾದ ಗಣಿಬಾವಿಯಿಂದ ಕಾರ್ಮಿಕರನ್ನೂ ಅದಿರನ್ನೂ ಮೇಲೆತ್ತುವ ಯಂತ್ರಗಳು ಉಗಿಯಿಂದಲೇ ನಡೆಯುತ್ತಿದ್ದು, ಅವುಗಳ ಚಾಲಕನೂ ಆಳದಲ್ಲಿದ್ದವರನ್ನು ಕಾಣದೆ ಗಂಟೆಯ ಸಂಕೇತವನ್ನೇ ನಂಬಬೇಕಿತ್ತು. ಎಷ್ಟೋ ಜನರ ಪ್ರಾಣ ಆ ಸದ್ದಿನ ಮೇಲೆ ನಿಂತಿತ್ತೆಂಬುದನ್ನು ಇಲ್ಲಿ ನೆನೆಯಲೇಬೇಕು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ಉದ್ದದ ತಂತಿಯ ಮೂಲಕ ಗಣಿಗಳನ್ನು ತಲುಪಿದ ಮೇಲೆ ಉಗಿಯ ಸ್ಥಾನಕ್ಕೆ ಕ್ರಮೇಣ ವಿದ್ಯುತ್ತು ಬಂತಾದರೂ, ಬಂಗಾರಪೇಟೆ–ಮಾರಿಕುಪ್ಪಂ ಕವಲು ಮಾರ್ಗದಲ್ಲಿ ಉಗಿಬಂಡಿಗಳು ಆಮೇಲೂ ದಶಕಗಳ ಕಾಲ ಓಡಿದವು.