‘ಕನ್ನಡ’ ಎಂದು ಬರೆದರೆ ‘ಪೌಂಡ್’ ಎಂದಿತು

ಮೂಡಿಗೆರೆಯಲ್ಲಿ ಜಡಿಮಳೆ ಹಿಡಿದ ಒಂದು ಮಧ್ಯಾಹ್ನ. ಹೊರಗೆ ಹೋಗುವಂತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅಂಧರಿಗಾಗಿ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಚಾಲೂ ಮಾಡಿ, ಪರದೆಯ ಬೆಳಕನ್ನು ಪೂರ್ತಿ ಆರಿಸಿ, ಪರಿಚಯದವರೊಬ್ಬರು ಕಳಿಸಿದ್ದ ಪಾಠದ ಟಿಪ್ಪಣಿ ತೆರೆದೆ. ಯಂತ್ರ ತೊದಲಿತು, ಗೊಣಗಿತು. ಮೊದಲ ಪದವನ್ನು ಒಂದೊಂದೇ ಅಕ್ಷರವಾಗಿ ಓದಿಸಿದೆ: ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್, ಮತ್ತದೇ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತದೇ ಎ. ಬೆಳಕು ಹಾಕಿ ನೋಡಿದರೆ ಅಲ್ಲಿ ದುಂಡಗೆ ‘ಕನ್ನಡ’ ಎಂದಿತ್ತು.

ಯಂತ್ರ ಕೆಟ್ಟಿರಲಿಲ್ಲ. ಅದು ಇದ್ದದ್ದನ್ನೇ ಹೇಳಿತ್ತು. ಸುಳ್ಳು ಹೇಳಿದ್ದು ಪರದೆ.

ಸ್ಕ್ರೀನ್ ರೀಡರ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅದು ಸ್ಕ್ರೀನನ್ನು ಓದುವುದೇ ಇಲ್ಲ. ನಾವು ನೋಡುವ ಪುಟದ ಹಿಂದೆ ಬ್ರೌಸರ್ ಇನ್ನೊಂದು ಮರವನ್ನು ಬೆಳೆಸಿರುತ್ತದೆ. ಇದು ಶೀರ್ಷಿಕೆ, ಇದು ಕೊಂಡಿ, ಇದು ಗುಂಡಿ, ಇದು ಚಿತ್ರ ಎಂದು ಪ್ರತಿ ಕೊಂಬೆಗೂ ಒಂದು ಹೆಸರು, ಒಂದು ಕೆಲಸ. ಸ್ಕ್ರೀನ್ ರೀಡರ್ ಆ ಮರದ ಮೇಲೆ ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತ, ಸಿಕ್ಕಿದ್ದನ್ನು ಪಠ್ಯವಾಗಿ ಎತ್ತಿ ಧ್ವನಿಯಂತ್ರಕ್ಕೆ ಕೊಡುತ್ತದೆ. ಅಭ್ಯಾಸವಿರುವವರು ಪುಟವನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತ ಕೂರುವುದಿಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನಲ್ಲಿ ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆ, ಬಿ ಒತ್ತಿದರೆ ಮುಂದಿನ ಗುಂಡಿ. ನಾವು ಕಣ್ಣಾಡಿಸುವ ಹಾಗೆಯೇ ಅವರು ಕಿವಿಯಾಡಿಸುತ್ತಾರೆ.

ಆಸ್ಟ್ರೇಲಿಯಾದ ಮೈಕೆಲ್ ಕರ‍್ರನ್ 2006ರಲ್ಲಿ ಎನ್‌ವಿಡಿಎ ಬರೆಯತೊಡಗಿದಾಗ ಮಾರುಕಟ್ಟೆಯಲ್ಲಿದ್ದ ಇಂಥ ತಂತ್ರಾಂಶಗಳ ಬೆಲೆ ಸಾಮಾನ್ಯರ ಕೈಗೆಟುಕುತ್ತಿರಲಿಲ್ಲ. ಅವರೂ, ಜೊತೆಗೂಡಿದ ಜೇಮ್ಸ್ ಟೆಹ್ ಅವರೂ ಅಂಧರೇ. ತಂತ್ರಾಂಶ ಇಂದಿಗೂ ಉಚಿತ. ಅದರೊಂದಿಗೆ ಬರುವ ಇ-ಸ್ಪೀಕ್ ಎಂಬ ಧ್ವನಿಯಂತ್ರಕ್ಕೆ ಕನ್ನಡವೂ ಬರುತ್ತದೆ. ಅದರ ದನಿ ಕೇಳಿದವರೆಲ್ಲ ಮೊದಲು ಮುಖ ಸಿಂಡರಿಸುತ್ತಾರೆ. ಡಬ್ಬದೊಳಗಿಂದ ಯಾರೋ ಮಾತಾಡಿದ ಹಾಗೆ. ಮನುಷ್ಯರ ದನಿಯನ್ನು ಮುದ್ರಿಸಿ ಕತ್ತರಿಸಿ ಜೋಡಿಸಿದ್ದಲ್ಲ ಅದು. ಗಂಟಲು, ಬಾಯಿಗಳಲ್ಲಿ ಸ್ವರ ಅನುರಣಿಸುವ ಕಂಪನಾಂಕಗಳನ್ನು ಲೆಕ್ಕ ಹಾಕಿಯೇ ಹುಟ್ಟಿಸಿದ್ದು. ಹಾಗಾಗಿಯೇ ಗಾತ್ರ ಚಿಕ್ಕದು, ವೇಗ ಎಷ್ಟು ಏರಿಸಿದರೂ ಉಚ್ಚಾರ ಕಲಸಿಹೋಗುವುದಿಲ್ಲ. ಇಂಪು ಬೇಕಾದವರು ರೇಡಿಯೊ ಕೇಳಲಿ, ಓದುವವರಿಗೆ ಬೇಕಾದ್ದು ವೇಗ. ಬರೆದಂತೆ ಓದುವ ಕನ್ನಡ ಇಂಥ ಯಂತ್ರಕ್ಕೆ ಇಂಗ್ಲಿಷಿಗಿಂತ ಸುಲಭದ ತುತ್ತು.

ಹಾಗಿದ್ದರೆ ಪೌಂಡ್ ಎಲ್ಲಿಂದ ಬಂತು?

ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ, ಅಷ್ಟೇ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಹಂಚುವ ಯೂನಿಕೋಡ್ ಎಂಬ ಮಾನಕ ಕನ್ನಡಕ್ಕೆಂದು 3200ರಿಂದ 3327ರವರೆಗಿನ 128 ಮನೆಗಳನ್ನು ಮೀಸಲಿಟ್ಟಿದೆ. ಅಲ್ಲಿ ‘ಕನ್ನಡ’ ಎಂದರೆ 3221, 3240, 3277, 3240, 3233: ಕ, ನ, ಅರ್ಧಾಕ್ಷರದ ವಿರಾಮ ಚಿಹ್ನೆ, ಇನ್ನೊಂದು ನ, ಡ. ಜಗತ್ತಿನ ಯಾವ ಯಂತ್ರಕ್ಕೂ ಇದು ಕನ್ನಡವೇ. ಆದರೆ ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳು ಒಂದು ಜಾಣ ಉಪಾಯ ಮಾಡಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದವು. ಆ ಫಾಂಟಿನಲ್ಲಿ ಅದೇ ‘ಕನ್ನಡ’ 80, 192, 163, 192, 223, 113, 192 ಆಗುತ್ತದೆ. 163 ಎಂದರೆ ಪೌಂಡ್ ಚಿಹ್ನೆ. ಫಾಂಟ್ ಅದರ ಮೇಲೆ ‘ನ’ದ ವೇಷ ತೊಡಿಸುತ್ತದೆ. ವೇಷ ಕಣ್ಣಿಗೆ ಮಾತ್ರ. ಕಣ್ಣಿನ ದಾರಿ ಬಿಟ್ಟು ಹೋದ ಯಂತ್ರಕ್ಕೆ ವೇಷದೊಳಗಿನವನೇ ಸಿಗುತ್ತಾನೆ.

ಅರ್ಕಾವತ್ತಿನದು ಇನ್ನೂ ಮಜಾ. ‘ಸೂರ್ಯ’ ಎನ್ನುವಾಗ ಬಾಯಲ್ಲಿ ಮೊದಲು ರ್, ಆಮೇಲೆ ಯ. ಕಣ್ಣಿಗೆ ಕಾಣುವುದು ಮೊದಲು ಯ, ಅದರ ಬಲಕ್ಕೆ ಅರ್ಕಾವತ್ತು. ಯೂನಿಕೋಡ್ ಬಾಯಿಯ ಕ್ರಮವನ್ನು ಕಾಪಾಡಿಕೊಳ್ಳುತ್ತದೆ, ಹಳೆಯ ಫಾಂಟು ಕಣ್ಣಿನ ಕ್ರಮವನ್ನು. ಓದಿ ಹೇಳಬೇಕಾದ ಯಂತ್ರಕ್ಕೆ ಯಾವುದು ಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಇದೇ ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು, ಕಂಪ್ಯೂಟರಿನಲ್ಲಿ ಬದುಕದ ಭಾಷೆಗೆ ಉಳಿಗಾಲವಿಲ್ಲ ಎಂದು ಸಾಹಿತಿ ಪೂರ್ಣಚಂದ್ರ ತೇಜಸ್ವಿ ಹಟ ಹಿಡಿದಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. 2007ರಲ್ಲಿ ಅವರು ತೀರಿಕೊಂಡರು. ಆಮೇಲೆ ಕನ್ನಡ ಕಂಪ್ಯೂಟರಿನಲ್ಲಿ ಬದುಕಿತೇನೋ ನಿಜ, ಆದರೆ ಎಷ್ಟೋ ಕಚೇರಿ, ಶಾಲೆಗಳ ಕಡತಗಳಲ್ಲಿ ಇಂದಿಗೂ ವೇಷದಲ್ಲೇ ಬದುಕಿದೆ.

ಈಗ ಈ ಯಂತ್ರವನ್ನು ಹತ್ತು ಮಂದಿ ಒಟ್ಟಿಗೆ ಬರೆಯುವ ಪುಟಕ್ಕೆ ಕರೆದೊಯ್ಯೋಣ. ವಿದ್ಯಾರ್ಥಿಗಳು ಈಗ ಯೋಜನಾ ವರದಿಯನ್ನು ಒಂದೇ ಗೂಗಲ್ ಡಾಕ್‌ನಲ್ಲಿ ಕೂಡಿ ಬರೆಯುತ್ತಾರೆ. ಕಣ್ಣಿರುವವರಿಗೆ ಗೆಳೆಯರ ಬಣ್ಣಬಣ್ಣದ ಕರ್ಸರುಗಳು ಓಡಾಡುವುದು ಕಾಣುತ್ತದೆ. ಯಾರು ಎಲ್ಲಿ ಏನು ಅಳಿಸಿದರೆಂದು ಓರೆಗಣ್ಣಿಗೇ ಗೊತ್ತಾಗುತ್ತದೆ. ಕಿವಿಗೆ ಓರೆಗಣ್ಣಿಲ್ಲ. ಎಲ್ಲ ಬದಲಾವಣೆಯನ್ನೂ ಹೇಳಿದರೆ ಸಂತೆಯ ಗದ್ದಲ, ಏನೂ ಹೇಳದಿದ್ದರೆ ಕಾಲಡಿಯ ನೆಲವೇ ಸರಿದ ಅನುಭವ. ಇದಕ್ಕೆ ವೆಬ್ಬಿನ ಮಾನಕಗಳಲ್ಲಿ, 2014ರಲ್ಲಿ ಅಂತಿಮಗೊಂಡ ಏರಿಯಾ ಎಂಬ ನಿಯಮಾವಳಿಯಲ್ಲಿ, ಒಂದು ಸೊಗಸಾದ ಏರ್ಪಾಡಿದೆ. ಪುಟದ ಬದಲಾಗುವ ಭಾಗಕ್ಕೆ ‘ಪೊಲೈಟ್’ ಎಂದು ಗುರುತು ಹಾಕಿದರೆ, ಯಂತ್ರ ಓದುತ್ತಿರುವ ವಾಕ್ಯ ಮುಗಿಯುವವರೆಗೆ ಕಾದು ಸುದ್ದಿ ಹೇಳುತ್ತದೆ. ‘ಅಸರ್ಟಿವ್’ ಎಂದರೆ ಮಾತಿನ ನಡುವೆಯೇ ಬಾಯಿ ಹಾಕುತ್ತದೆ. ದೊಡ್ಡವರು ಮಾತಾಡುವಾಗ ಮಕ್ಕಳು ಹೇಗಿರಬೇಕೆಂಬ ನಮ್ಮ ಮನೆಗಳ ಪಾಠವೇ! ಪ್ರೋಗ್ರಾಮರುಗಳು ಎಲ್ಲಕ್ಕೂ ಅಸರ್ಟಿವ್ ಹಾಕಿ ಕೇಳುವವರ ತಲೆ ಚಿಟ್ಟು ಹಿಡಿಸಿದ್ದೂ ಉಂಟು.

2021ರಲ್ಲಿ ಗೂಗಲ್ ಡಾಕ್ಸ್ ತನ್ನ ಪುಟವನ್ನು ಕ್ಯಾನ್ವಾಸ್ ಎಂಬ ವಿಧಾನದಲ್ಲಿ ತೋರಿಸಲು ಹೊರಟಿತು. ಎಂದರೆ ಪಠ್ಯವನ್ನು ಚಿತ್ರದಂತೆ ಬಿಡಿಸುವುದು. ವೇಗಕ್ಕೆ ಒಳ್ಳೆಯದೇ, ಆದರೆ ಚಿತ್ರದಲ್ಲಿ ಕೊಂಬೆಗಳಿರುವುದಿಲ್ಲ. ಹಾಗಾಗಿ ಸ್ಕ್ರೀನ್ ರೀಡರಿಗೆಂದೇ ಪಠ್ಯವನ್ನು ಪಕ್ಕದ ದಾರಿಯಿಂದ ದಾಟಿಸಬೇಕಾಗುತ್ತದೆ. ಕಂಟ್ರೋಲ್, ಆಲ್ಟ್, ಜಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ದಾರಿ ತೆರೆಯುತ್ತದೆ. ಅದನ್ನು ಗೊತ್ತುಮಾಡಿಕೊಡದ ಶಿಕ್ಷಕರ ತರಗತಿಯಲ್ಲಿ ಅಂಧ ವಿದ್ಯಾರ್ಥಿಗೆ ಸಿಗುವುದು ಖಾಲಿ ಪುಟ.

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಈ ವಿಷಯದಲ್ಲಿ ನನಗೆ ಮೆಚ್ಚು. ಅಲ್ಲಿ ವೇಷದ ಕನ್ನಡಕ್ಕೆ ಜಾಗವಿಲ್ಲ, ಇರುವುದೆಲ್ಲ ಯೂನಿಕೋಡ್. ಸಾಲಿನ ಎರಡೂ ಬದಿಗೆ ಎರಡೆರಡು ಸಮ ಚಿಹ್ನೆ ಹಾಕಿದರೆ ಅದು ನಿಜವಾದ ಶೀರ್ಷಿಕೆಯಾಗುತ್ತದೆ, ಎಚ್ ಕೀಲಿಗೆ ಸಿಗುತ್ತದೆ. ನಾವು ವರ್ಡ್‌ನಲ್ಲಿ ಮಾಡುವ ಹಾಗೆ ಸಾಲನ್ನು ಬರೀ ದಪ್ಪ ಮಾಡಿ ಶೀರ್ಷಿಕೆಯೆಂದು ನಂಬಿಸಿದರೆ ಸಿಗುವುದಿಲ್ಲ. ಆದರೆ ಚಿತ್ರ ಸೇರಿಸುವವರು ಅದಕ್ಕೊಂದು ವಿವರಣೆಯ ಸಾಲು ಬರೆಯುವುದನ್ನು ಮರೆತರೆ ವಿಕಿಪೀಡಿಯವೂ ಮೂಕವೇ. ಕೂಡಿ ಬರೆಯುವ ಜಾಗದ ವಿಶೇಷವೇ ಇದು. ಎಂಜಿನಿಯರು ಎಷ್ಟು ಚೆನ್ನಾಗಿ ಕಟ್ಟಿದರೂ ಹತ್ತನೆಯವರ ಅಜಾಗರೂಕತೆ ಹನ್ನೊಂದನೆಯವರನ್ನು ಹೊರಗಿಡಬಲ್ಲದು.

ಹೊರಗುಳಿಯುವವರು ಅಂಧರಷ್ಟೇ ಅಲ್ಲ. ಮೌಸ್ ಹಿಡಿಯಲಾಗದ ಕೈಗೆ ‘ಎಳೆದು ತಂದು ಇಲ್ಲಿ ಬಿಡಿ’ ಎನ್ನುವ ಫಲಕ ಮುಚ್ಚಿದ ಬಾಗಿಲು. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ ವೆಬ್ ಮಾನಕ, ಎಳೆಯುವ ಕಡೆಯಲ್ಲೆಲ್ಲ ಬರೀ ಒತ್ತಿ ಮಾಡುವ ದಾರಿಯೂ ಇರಲಿ ಎನ್ನುತ್ತದೆ. ಕಿವಿ ಕೇಳದವರಿಗೆ ಗುಂಪಿನ ಧ್ವನಿ ಸಂದೇಶ ಇದ್ದೂ ಇಲ್ಲದ ಹಾಗೆ. ಇನ್ನು ಬಣ್ಣ. ಹಸಿರು ಎಲೆ, ಹಸಿರು ಕಾಯಿಗಳ ನಡುವೆ ಕೆಂಪು ಹಣ್ಣನ್ನೇ ಆರಿಸಿ ಕೊಯ್ಯುವುದು ಕಾಫಿ ತೋಟದ ಕೆಲಸ. ಕೆಂಪು ಹಸಿರುಗಳ ಭೇದ ಕಾಣದ ಗಂಡಸೊಬ್ಬ ಕೊಯ್ಲಿಗಿಳಿದು ಬೈಸಿಕೊಂಡ ಕತೆ ಯಾವ ತೋಟದಲ್ಲೂ ಇದ್ದೀತು. ತಪ್ಪಿದ್ದಕ್ಕೆ ಕೆಂಪು, ಸರಿಯಾದದ್ದಕ್ಕೆ ಹಸಿರು ಬಳಿದ ಹಂಚಿಕೆಯ ಪಟ್ಟಿ ಅವನ ಮಗನ ಕಣ್ಣಿಗೆ ಹೇಗೆ ಕಂಡೀತು ಎಂದು ಕೇಳಬೇಡಿ. ವರ್ಣಾಂಧತೆ ಸಾಮಾನ್ಯವಾಗಿ ಇಳಿಯುವುದು ಮಗಳ ಮೂಲಕ ಮೊಮ್ಮಗನಿಗೆ. ಮೊಮ್ಮಗನಿಗಾಗಿಯಾದರೂ ಬಣ್ಣದ ಪಕ್ಕ ‘ಸರಿ’, ‘ತಪ್ಪು’ ಎಂದು ಬರೆದುಬಿಡಿ.

ಚಿತ್ರಕ್ಕೆ ವಿವರಣೆ ಬರೆದರೆ ಮಲೆನಾಡಿನ ಕಳಸದಂಥ ಊರಿನ ಮಳೆಗಾಲಕ್ಕೂ ಉಪಕಾರವುಂಟು. ಸಿಗ್ನಲ್ ಒಂದೇ ಗೀಟಿಗೆ ಇಳಿದಾಗ ಚಿತ್ರ ಬರುವುದಿಲ್ಲ, ಅದರ ವಿವರಣೆಯ ಸಾಲು ಬರುತ್ತದೆ.

ಕಾನೂನಿನ ಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೆ ಎಟುಕಬೇಕು ಎನ್ನುತ್ತದೆ. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಜಗತ್ತಿನ ಪ್ರವೇಶವನ್ನು ಬದುಕುವ ಹಕ್ಕಿನ ಭಾಗವೆಂದೇ ಹೇಳಿತು.

ಆದರೆ ನೆರವು ಹೇಗಿರಬೇಕೆಂದು ತಿಳಿಯಲು ಓಟದ ಅಂಗಳವನ್ನು ನೋಡಬೇಕು. ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಓದಿದ ರಕ್ಷಿತಾ ರಾಜು 2018ರಲ್ಲಿ ಜಕಾರ್ತದಲ್ಲಿ, 2023ರಲ್ಲಿ ಹ್ಯಾಂಗ್‌ಝೌನಲ್ಲಿ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಚಿನ್ನ ಗೆದ್ದರು. ಆ ಓಟದಲ್ಲಿ ಪಕ್ಕದಲ್ಲೊಬ್ಬ ಮಾರ್ಗದರ್ಶಿ, ಇಬ್ಬರ ಕೈ ನಡುವೆ ಒಂದು ಸಣ್ಣ ಪಟ್ಟಿ. ಮಾರ್ಗದರ್ಶಿ ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಗೆರೆಯನ್ನು ಮೊದಲು ದಾಟುವಂತಿಲ್ಲ. ಟ್ರ್ಯಾಕು ಎಲ್ಲಿ ತಿರುಗುತ್ತದೆಂದು ಹೇಳಬೇಕು, ಅಷ್ಟೇ. ಸ್ಕ್ರೀನ್ ರೀಡರಿನ ಕೆಲಸವೂ ಅಷ್ಟೇ. ಟ್ರ್ಯಾಕಿನಲ್ಲೇ ಗುಂಡಿ ತೋಡಿಟ್ಟರೆ ಮಾರ್ಗದರ್ಶಿ ಏನು ಮಾಡಿಯಾನು?

ಎನ್‌ವಿಡಿಎ ಇಳಿಸಿಕೊಳ್ಳಲು ಕಾಸು ಬೇಕಿಲ್ಲ. ನೀವು ಶಿಕ್ಷಕರಾಗಿದ್ದರೆ ಮಕ್ಕಳಿಗೆ ಕೊಟ್ಟ ಕಳೆದ ವಾರದ ಟಿಪ್ಪಣಿಯನ್ನು ಅದರಲ್ಲಿ ತೆರೆದು, ಪರದೆ ಆರಿಸಿ, ಹತ್ತು ನಿಮಿಷ ಕೇಳಿ. ಯಂತ್ರ ‘ಪೌಂಡ್’ ಎಂದು ಓದಿದರೆ, ಟಿಪ್ಪಣಿಯನ್ನು ಯೂನಿಕೋಡಿಗೆ ತಿರುಗಿಸಿ ಇನ್ನೊಮ್ಮೆ ಕಳಿಸಿ.